ಹಣ್ಣುನೊಣ ಮೊಟ್ಟೆಯಿಡುವ ಜಾಗವನ್ನು ಹೇಗೆ ಆರಿಸುತ್ತದೆ?

ಭೂತಗನ್ನಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಹೆಚ್ಚಿಟ್ಟ ಬಾಳೆಹಣ್ಣಿನ ತುಂಡಿನ ಮೇಲೆ ಕೆಂಪುಕಣ್ಣಿನ ಪುಟ್ಟ ನೊಣವೊಂದು ಬಂದು ಕೂತಿತು. ಹಣ್ಣು ಕಳಿತ ಕೂಡಲೇ ಎಲ್ಲಿಂದಲೋ ಪ್ರತ್ಯಕ್ಷವಾಗುತ್ತಲ್ಲ, ಅದೇ ಗುಂಗುರು. ಓಡಿಸಲು ಕೈಯೆತ್ತಿದವನು ಯಾಕೋ ಬೇಡವೆನಿಸಿ ಭೂತಗನ್ನಡಿ ಹಿಡಿದು ಕೂತೆ. ಮುಕ್ಕಾಲು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಮೊದಲು ಸುಮ್ಮನೆ ಅಡ್ಡಾಡಿತು. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಮೂತಿ ಚಾಚಿ ತಿರುಳನ್ನು ಮುಟ್ಟುವುದು, ಮತ್ತೆ ನಡೆಯುವುದು. ಆಮೇಲೆ ಹೊಟ್ಟೆಯ ತುದಿಯನ್ನು ಬಗ್ಗಿಸಿ ಹಣ್ಣಿಗೆ ಊರಿತು. ಮೊಟ್ಟೆಯಿಟ್ಟಿತು ಅಂದುಕೊಂಡೆ, ಇಲ್ಲ, ಎತ್ತಿಬಿಟ್ಟಿತು. ಅಲ್ಲಿಂದ ಒಂದು ಬೆರಳಿನಷ್ಟು ದೂರ ಹೋಗಿ ಮತ್ತೆ ಊರಿತು, ಮತ್ತೆ ಎತ್ತಿತು. ಹೀಗೇ ಐದಾರು ಸಲ. ಕೊನೆಗೆ ಸಿಪ್ಪೆ ತಿರುಳಿನಿಂದ ಬಿಟ್ಟುಕೊಂಡಿದ್ದ ಸಣ್ಣ ಬಿರುಕಿಗೆ ಬಂದು, ತುದಿಯನ್ನು ಒಳಗೆ ತೂರಿಸಿ, ಮೈಯನ್ನು ಆಚೀಚೆ ಅಲುಗಿಸಿ, ಒಂದು ಮೊಟ್ಟೆ ಇಟ್ಟಿತು. ಬಿಳಿ ದಾರದ ಚೂರಿನಂತಿತ್ತು, ಒಂದು ತುದಿಯಲ್ಲಿ ಎರಡು ಎಳೆ ಮೇಲಕ್ಕೆ ಚಾಚಿದ್ದವು. ಹಿಂಗಾಲಿನಿಂದ ಹೊಟ್ಟೆಯ ತುದಿ ಒರೆಸಿಕೊಂಡು, ಪಕ್ಕದಲ್ಲೇ ಇನ್ನೊಂದಿಟ್ಟಿತು.

ಇಡೀ ಹಣ್ಣು ಮುಂದೆ ಬಿದ್ದಿರುವಾಗ ಆ ಬಿರುಕೇ ಯಾಕೆ? ಬಾಲ ಊರಿ ಊರಿ ಎತ್ತಿದ್ದು ಯಾಕೆ? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ. ಇದು ತಲೆಯಿಂದ ಹೋಗುತ್ತಿಲ್ಲ.

ಕೆಂಗಣ್ಣು

ಎಷ್ಟು ಚೆನ್ನಾಗಿ ನೋಡಿದ್ದೀರಿ ಸರ್! ಈ ನೊಣಗಳ ಜೊತೆ ಪ್ರಯೋಗಾಲಯದಲ್ಲಿ ಹಲವು ವರ್ಷ ಕಳೆದವಳು ನಾನು. ಹೊಸದಾಗಿ ಸೇರಿದವರಿಗೆ ನಾವು ಕಲಿಸುವುದೂ ಇದನ್ನೇ. ನೀವು ಕಂಡದ್ದು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಇರಬೇಕು. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಗಣ್ಣಿನ ನೊಣವೊಂದನ್ನು ಗುರುತಿಸಿ ತಳಿವಿಜ್ಞಾನದ ದಿಕ್ಕನ್ನೇ ಬದಲಿಸಿದರಲ್ಲ, ಅದೇ ಜಾತಿ.

ಬಾಲ ಊರಿ ಎತ್ತಿದ್ದು ತಪಾಸಣೆ. ಈ ನೊಣಕ್ಕೆ ರುಚಿ ಗೊತ್ತಾಗುವುದು ಮೂತಿಯಿಂದ ಮಾತ್ರವಲ್ಲ, ಕಾಲುಗಳಲ್ಲೂ ರುಚಿ ಹಿಡಿಯುವ ಕೂದಲುಗಳಿವೆ. ಅಂದರೆ ನಡೆಯುವುದೆಂದರೆ ಅದಕ್ಕೆ ರುಚಿ ನೋಡುವುದೇ. ಹೊಟ್ಟೆಯ ತುದಿಯಿಂದ ಜಾಗ ಎಷ್ಟು ಮೆತ್ತಗಿದೆ, ತೂರಲು ಬರುತ್ತದೆಯೇ ಎಂದು ಪರೀಕ್ಷಿಸುತ್ತದೆ. ನಮ್ಮಲ್ಲಿ ಹೆಚ್ಚು ಮೊಟ್ಟೆ ಬೇಕಾದಾಗ ದ್ರಾಕ್ಷಿರಸ ಬೆರೆಸಿದ ಅಗರ್ (ಕಡಲಪಾಚಿಯಿಂದ ಮಾಡುವ ಜೆಲ್ಲಿ) ತಟ್ಟೆಯ ಮೇಲ್ಮೈಯನ್ನು ಸೂಜಿಯಿಂದ ಗೀರಿ, ನಡುವೆ ಚಿಟಿಕೆ ಯೀಸ್ಟ್ ಮುದ್ದೆ ಇಡುತ್ತಿದ್ದೆವು. ಬೆಳಿಗ್ಗೆ ನೋಡಿದರೆ ಗೀರಿನುದ್ದಕ್ಕೂ ಸಾಲಾಗಿ ಮೊಟ್ಟೆ. ನಿಮ್ಮ ಬಾಳೆಹಣ್ಣಿನ ಬಿರುಕು ನಮ್ಮ ಗೀರಿನ ಕೆಲಸವನ್ನೇ ಮಾಡಿದೆ.

ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ ಅಷ್ಟೇ. ಮೇಲೆ ತೆರೆದಿಟ್ಟರೆ ಒಣಗಿಹೋಗುತ್ತದೆ. ತೀರಾ ಒಳಗೆ ಹೂತರೆ ಗಾಳಿ ಸಿಗುವುದಿಲ್ಲ. ನೀವು ನೋಡಿದ ಆ ಎರಡು ಎಳೆಗಳೇ ಉಸಿರಾಟದ ಕೊಳವೆಗಳು. ಮೈ ಒಳಗೆ, ಎಳೆ ಹೊರಗೆ.

ಎರಡನೇ ಮಾತು

ಮಾಹಿತಿಗೆ ಧನ್ಯವಾದ ಮೇಡಂ. ಆದರೆ ‘ಆರಿಸುತ್ತದೆ’ ಅನ್ನುವ ಪದದ ಬಗ್ಗೆ ನನಗೆ ತಕರಾರಿದೆ. ಮೆತ್ತಗಿದ್ದರೆ ಇಡು, ಗಟ್ಟಿಯಿದ್ದರೆ ಬಿಡು. ಹುಳಿ ಇದ್ದರೆ ಇಡು, ಕಹಿ ಇದ್ದರೆ ಬಿಡು. ಬೀಗಕ್ಕೆ ಕೀಲಿ ಕೂತರೆ ತೆರೆಯುತ್ತದೆ, ಅದನ್ನು ಬೀಗ ಆರಿಸಿತು ಅನ್ನುತ್ತೇವೆಯೇ? ಗಸಗಸೆ ಕಾಳಿನಷ್ಟು ಮಿದುಳಿನ ಜೀವಿಗೆ ನಮ್ಮ ಭಾಷೆ ಹಚ್ಚುವುದು ಎಷ್ಟು ಸರಿ? ವಾದಕ್ಕಾಗಿ ವಾದವಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಬಿಳಿ ಹಲಗೆ

ಒಳ್ಳೆಯ ಪ್ರಶ್ನೆ. ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು ನಾನು. ತರಗತಿಯಲ್ಲೂ ಇದೇ ಪ್ರಶ್ನೆ ಬರುತ್ತದೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಕೆಂಗಣ್ಣು

ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ. ಬೀಗ-ಕೀಲಿಯ ಲೆಕ್ಕ ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಎರಡನ್ನೂ ಹೇಳುತ್ತೇನೆ.

ಹೊಂದುವ ಉದಾಹರಣೆ ಜಿಯೊಸ್ಮಿನ್. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯಲ್ಲಿರುವ ವಸ್ತು ಅದು. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ಮತ್ತು ಕೆಲವು ಪೆನಿಸಿಲಿಯಮ್ ಬೂಸ್ಟುಗಳು ಅದನ್ನು ತಯಾರಿಸುತ್ತವೆ. ನಮಗೆ ಆ ವಾಸನೆ ಹಿತ, ನೊಣಕ್ಕೆ ಮಾತ್ರ ಹಣ್ಣು ಕೆಟ್ಟಿದೆ, ಮರಿಹುಳು ಉಳಿಯುವುದಿಲ್ಲ ಎಂಬ ಸೂಚನೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನೊಣದ ಕುಡಿಮೀಸೆಯಲ್ಲಿ Or56a ಎಂದು ಹೆಸರಿಟ್ಟ ಒಂದೇ ಒಂದು ಬಗೆಯ ಗ್ರಾಹಕ (ವಾಸನೆಯ ಕಣವನ್ನು ಹಿಡಿಯುವ ಪ್ರೋಟೀನು) ಈ ವಾಸನೆಗಾಗಿಯೇ ಮೀಸಲಾಗಿದೆ. ಅದು ಮಿಡಿದರೆ ಪಕ್ಕದಲ್ಲಿ ಎಷ್ಟೇ ಒಳ್ಳೆಯ ಹುಳಿವಾಸನೆ ಇದ್ದರೂ ನೊಣ ಹಿಂದೆ ಸರಿಯುತ್ತದೆ, ಮೊಟ್ಟೆಯನ್ನೂ ಇಡುವುದಿಲ್ಲ. ಇದು ನಿಮ್ಮ ಬೀಗವೇ ಸರ್, ಒಪ್ಪಿದೆ.

ಈಗ ಕೈಕೊಡುವ ಉದಾಹರಣೆ. ಸಕ್ಕರೆ ಬೆರೆಸಿದ ಅಗರ್ ಒಂದು ಕಡೆ, ಲೊಬೆಲಿನ್ ಎಂಬ ಕಹಿ ವಸ್ತು ಬೆರೆಸಿದ ಅಗರ್ ಇನ್ನೊಂದು ಕಡೆ. ಪುಟ್ಟ ಪೆಟ್ಟಿಗೆಯೊಳಗೆ ಹೆಣ್ಣುನೊಣ. ಎಲ್ಲಿ ಇಡುತ್ತದೆ ಹೇಳಿ? ಕಹಿಯಲ್ಲಿ! ಇದು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ. ಹಾಗಾದರೆ ಸಕ್ಕರೆ ಕಂಡರೆ ಮೊಟ್ಟೆಯಿಡದ ಬೀಗವಿದೆ ಅನ್ನೋಣವೇ? ಆಗುವುದಿಲ್ಲ. ಕಹಿಯ ಭಾಗ ತೆಗೆದು ಸಕ್ಕರೆಯೊಂದನ್ನೇ ಕೊಟ್ಟರೆ ಅದೇ ನೊಣ ಅದೇ ಸಕ್ಕರೆಯ ಮೇಲೆ ನಿರಾತಂಕವಾಗಿ ಇಡುತ್ತದೆ. ಸಕ್ಕರೆ ಬದಲಾಗಲಿಲ್ಲ, ನೊಣ ಬದಲಾಗಲಿಲ್ಲ. ಬದಲಾದದ್ದು ಪಕ್ಕದಲ್ಲಿ ಇನ್ನೇನಿದೆ ಎಂಬುದು. ಪಕ್ಕದ ಮನೆಯ ಬಾಗಿಲನ್ನು ನೋಡಿ ತಾನು ತೆರೆಯಬೇಕೋ ಬೇಡವೋ ಎಂದು ನಿರ್ಧರಿಸುವ ಬೀಗವನ್ನು ನಾನಂತೂ ಕಂಡಿಲ್ಲ.

ಎರಡನೇ ಮಾತು

ಇದು ನನಗೆ ಗೊತ್ತಿರಲಿಲ್ಲ. ಆದರೆ ಒಂದು ವಿಷಯ ಕಾಡುತ್ತಿದೆ. ಕಹಿಯಲ್ಲಿ ಹುಟ್ಟಿದ ಮರಿಹುಳು ಏನು ತಿನ್ನಬೇಕು? ತಾಯಿ ಮಕ್ಕಳನ್ನು ಊಟದಿಂದ ದೂರ ಇಟ್ಟಂತಾಯಿತಲ್ಲ. ಇದು ಜಾಣತನವೋ ಎಡವಟ್ಟೋ?

ಕೆಂಗಣ್ಣು

ಇದೇ ಪ್ರಶ್ನೆಯನ್ನು ಬೇರೆ ಸಂಶೋಧಕರೂ ಕೇಳಿದರು. 2012ರ ಒಂದು ಅಧ್ಯಯನದಲ್ಲಿ ಎರಡು ಜಾಗಗಳ ನಡುವಿನ ದೂರವನ್ನು ಬದಲಿಸಿದರು. ಸಕ್ಕರೆ ಹತ್ತಿರದಲ್ಲಿದ್ದರೆ ನೊಣ ಸಕ್ಕರೆಯಿಲ್ಲದ ಕಡೆ ಇಡುತ್ತದೆ, ಯಾಕೆಂದರೆ ಮರಿಹುಳು ತೆವಳಿಕೊಂಡು ಹೋಗಿ ತಿನ್ನಬಹುದು. ದೂರ ಹೆಚ್ಚಿಸಿದಾಗ ಒಲವು ತಿರುಗಿತು, ಸಕ್ಕರೆಯ ಮೇಲೇ ಇಡತೊಡಗಿತು. ಇನ್ನೂ ಹುಟ್ಟದ ಮಗು ಎಷ್ಟು ದೂರ ತೆವಳಬೇಕಾಗುತ್ತದೆ ಎಂಬುದು ತಾಯಿಯ ನಿರ್ಧಾರದೊಳಗೆ ಹೇಗೋ ಸೇರಿಕೊಂಡಿದೆ. ಈ ಫಲಿತಾಂಶ ಮೊದಲು ಓದಿದ ದಿನ ನಾನು ಕೆಲಸ ಬಿಟ್ಟು ಎದ್ದು ಹೊರಗೆ ಒಂದು ಸುತ್ತು ಹಾಕಿ ಬಂದಿದ್ದೆ.

ತೋಟದ ದಾರಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹಣ್ಣುನೊಣ ಅಂದರೆ ತೋಟದವರಿಗೆ ಇದಲ್ಲ ಮೇಡಂ. ನಮ್ಮದು ಮನೆನೊಣದಷ್ಟು ದೊಡ್ಡದು, ಮೈಮೇಲೆ ಹಳದಿ ಗುರುತು, ಹೊಟ್ಟೆಯ ತುದಿಯಲ್ಲಿ ಸೂಜಿ. ಕಳಿತ ಹಣ್ಣಿಗೆ ಕಾಯುವುದಿಲ್ಲ, ಮರದಲ್ಲಿರುವ ಗಟ್ಟಿ ಹಣ್ಣಿಗೇ ಚುಚ್ಚಿ ಸಿಪ್ಪೆಯ ಕೆಳಗೆ ಇಡುತ್ತದೆ. ಹೊರಗೆ ಸೂಜಿಮೊನೆಯಷ್ಟು ಕಲೆ, ಒಳಗೆ ಹುಳ. ವರ್ಷವಿಡೀ ಸಾಕಿದ ಹಣ್ಣನ್ನು ಕೊಯ್ದು ನೋಡಿದಾಗ ಒಳಗೆ ಮಿಜಿಮಿಜಿ ಅಂದರೆ ಹೊಟ್ಟೆ ಉರಿಯುತ್ತದೆ. ಅದು ಹೇಗೆ ಆರಿಸುತ್ತದೆ?

ಕೆಂಗಣ್ಣು

ನೀವು ಹೇಳಿದ್ದು ಸರಿ, ಎರಡೂ ಬೇರೆ ಕುಟುಂಬ. ನಿಮ್ಮದು ಟೆಫ್ರಿಟಿಡೇ ಕುಟುಂಬದ್ದು, ಬಹುಶಃ ಅದರಲ್ಲಿ ಬ್ಯಾಕ್ಟ್ರೊಸೆರಾ ಎಂಬ ಕುಲ. ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ಆ ಗುಂಪಿನಲ್ಲಿ ನನಗೆ ತುಂಬ ಇಷ್ಟವಾದದ್ದು ಉತ್ತರ ಅಮೆರಿಕದ ಸೇಬಿನ ನೊಣ, ರ‍್ಯಾಗೊಲೆಟಿಸ್ ಪೊಮೊನೆಲ್ಲಾ. ಮೂಲತಃ ಹಾಥಾರ್ನ್ ಎಂಬ ಗಿಡದ ಪುಟ್ಟ ಹಣ್ಣಿನಲ್ಲಿ ಮೊಟ್ಟೆಯಿಡುತ್ತಿದ್ದದ್ದು 19ನೇ ಶತಮಾನದ ನಡುಭಾಗದಲ್ಲಿ ಸೇಬಿಗೂ ಬಂತು. ಮೊಟ್ಟೆಯಿಟ್ಟ ಮೇಲೆ ಹೆಣ್ಣು ತನ್ನ ಸೂಜಿಯನ್ನು ಹಣ್ಣಿನ ಮೇಲ್ಮೈಗೆ ಎಳೆದುಕೊಂಡು ಓಡಾಡುತ್ತದೆ, ಒಂದು ರಾಸಾಯನಿಕವನ್ನು ಬಳಿಯುತ್ತದೆ. ‘ಈ ಹಣ್ಣಿಗೆ ಒಕ್ಕಲು ಬಂದಾಗಿದೆ’ ಎಂಬ ಗುರುತು. ಆಮೇಲೆ ಬಂದ ಹೆಣ್ಣು ಅದನ್ನು ಗ್ರಹಿಸಿ ಬೇರೆ ಹಣ್ಣು ಹುಡುಕುತ್ತದೆ. ಕೀಟವಿಜ್ಞಾನಿ ರೊನಾಲ್ಡ್ ಪ್ರೊಕೊಪಿ ಇದನ್ನು 1972ರಲ್ಲಿ ವರದಿ ಮಾಡಿದರು. ಇದಕ್ಕೊಂದು ಕಷ್ಟವೂ ಇದೆ: ಪರಜೀವಿ ಕಣಜವೊಂದು ಅದೇ ಗುರುತಿನ ಜಾಡು ಹಿಡಿದು ಬರುತ್ತದೆ.

ಮೆಡಿಟರೇನಿಯನ್ ಹಣ್ಣುನೊಣ ಇನ್ನೊಂದು ತರಹ. ಹಣ್ಣಿನಲ್ಲಿ ಮೊದಲೇ ಗಾಯವಿದ್ದರೆ ಅದನ್ನೇ ಬಳಸಿಕೊಳ್ಳುತ್ತದೆ, ಹೊಸದಾಗಿ ಚುಚ್ಚುವ ಶ್ರಮ ಉಳಿಯಿತಲ್ಲ.

ತೋಟದ ದಾರಿ

ಗಾಯದ ಮಾತು ನಿಜ. ಸಿಪ್ಪೆ ತರಚಿದ ಹಣ್ಣು ಮೊದಲು ಹೋಗುತ್ತದೆ. ನಾವು ಮೀಥೈಲ್ ಯುಜೆನಾಲ್ ಎಂಬ, ವಾಸನೆಯಿಂದ ನೊಣ ಸೆಳೆಯುವ ವಸ್ತು ಹಾಕಿದ ಬಲೆ ಕಟ್ಟುತ್ತೇವೆ, ರಾಶಿ ರಾಶಿ ಬೀಳುತ್ತವೆ. ಆದರೂ ಹುಳ ನಿಲ್ಲುವುದಿಲ್ಲ. ಯಾಕೆ?

ಕೆಂಗಣ್ಣು

ಅದಕ್ಕೆ ಬೀಳುವುದು ಗಂಡುನೊಣ ಮಾತ್ರ. ಮೊಟ್ಟೆಯಿಡುವ ಹೆಣ್ಣು ಆ ವಾಸನೆಗೆ ಬರುವುದಿಲ್ಲ. ಗಂಡುಗಳು ಬಹುಪಾಲು ಇಲ್ಲವಾದರೆ ಹೆಣ್ಣುಗಳು ಕೂಡದೆ ಉಳಿಯುತ್ತವೆ ಎಂಬ ಲೆಕ್ಕದಲ್ಲಿ ಆ ಬಲೆ ಕೆಲಸ ಮಾಡಬೇಕು. ಆಗಲೇ ಕೂಡಿದ ಹೆಣ್ಣು ಪಕ್ಕದ ತೋಟದಿಂದ ಹಾರಿ ಬಂದರೆ ಬಲೆ ಏನೂ ಮಾಡಲಾರದು. ಉದುರಿದ ಹಣ್ಣನ್ನು ದಿನವೂ ಆರಿಸಿ ಆಳವಾಗಿ ಹೂಳುವುದು, ಬೆಳೆಯುತ್ತಿರುವ ಹಣ್ಣಿಗೆ ಚೀಲ ಕಟ್ಟುವುದು, ಇವು ಹೆಣ್ಣಿನ ದಾರಿಗೇ ಅಡ್ಡ ನಿಲ್ಲುವ ಕೆಲಸಗಳು. ಚೀಲ ಕಟ್ಟುವುದು ಎಷ್ಟು ಕಷ್ಟ ಅಂತ ಗೊತ್ತು, ಆದರೂ ಹೇಳಲೇಬೇಕು.

ಬಿಳಿ ಹಲಗೆ

ಗಟ್ಟಿ ಹಣ್ಣಿನ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಸಣ್ಣ ನೊಣಗಳಲ್ಲೇ, ಅಂದರೆ ಡ್ರೊಸೊಫಿಲಾಗಳಲ್ಲೇ, ಸುಜುಕಿ ಎಂಬ ಜಾತಿ ಇದೇ ದಾರಿ ಹಿಡಿದಿದೆ. 1931ರಲ್ಲಿ ಜಪಾನಿನಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. 2008ರ ಹೊತ್ತಿಗೆ ಅಮೆರಿಕ ಮತ್ತು ಯುರೋಪ್ ಎರಡರಲ್ಲೂ ಕಾಣಿಸಿಕೊಂಡು ಚೆರ್ರಿ, ಸ್ಟ್ರಾಬೆರಿ ಬೆಳೆಗಾರರ ನಿದ್ದೆಗೆಡಿಸಿತು. ಅದರ ಮೊಟ್ಟೆಯಿಡುವ ಅಂಗದ ಅಂಚಿಗೆ ಗರಗಸದಂಥ ಹಲ್ಲುಗಳಿವೆ, ಆಗ ತಾನೇ ಹಣ್ಣಾಗುತ್ತಿರುವುದರ ಸಿಪ್ಪೆಯನ್ನು ಕೊಯ್ದು ಇಡುತ್ತದೆ. ಹಲ್ಲು ಬಂದರಷ್ಟೇ ಸಾಲದು ನೋಡಿ, ಮನಸ್ಸೂ ಬದಲಾಗಬೇಕು. ಕೊಳೆತದ್ದರ ಮೇಲಿನ ಒಲವು ತಗ್ಗಿ, ಗಟ್ಟಿ ಮೇಲ್ಮೈಯ ಅಳುಕು ಹೋಗಿ, ತಾಜಾ ಹಣ್ಣಿನ ವಾಸನೆ ಹಿಡಿಸಬೇಕು. ಮೂರೂ ಆಗಿವೆ.

ಎರಡನೇ ಮಾತು

‘ಮನಸ್ಸು’ ಅಂದುಬಿಟ್ಟಿರಿ ಮೇಡಂ :) ಇರಲಿ. ಕೆಂಗಣ್ಣು ಅವರೇ, ಸಕ್ಕರೆಯ ಪ್ರಯೋಗ ನನ್ನ ಬೀಗವನ್ನು ಮುರಿದಿದೆ, ಒಪ್ಪುತ್ತೇನೆ. ಹಾಗಾದರೆ ಮಿದುಳಿನೊಳಗೆ ಈ ತೂಗಾಟ ನಡೆಯುವುದನ್ನು ಯಾರಾದರೂ ನೋಡಿದ್ದಾರೆಯೇ? ನೋಡದೆ ಹೇಳುವುದಾದರೆ ಅದೂ ಊಹೆಯೇ ಆಯಿತಲ್ಲ.

ಕೆಂಗಣ್ಣು

ನೋಡಿದ್ದಾರೆ!

ಮೊದಲು ಹಿನ್ನೆಲೆ. ಕೂಡುವಾಗ ಗಂಡಿನಿಂದ ‘ಸೆಕ್ಸ್ ಪೆಪ್ಟೈಡ್’ ಎಂಬ ಪುಟ್ಟ ಪ್ರೋಟೀನು ಹೆಣ್ಣಿನ ದೇಹಕ್ಕೆ ಸೇರುತ್ತದೆ. ಅದನ್ನು ಗುರುತಿಸುವ ಗ್ರಾಹಕ 2008ರಲ್ಲಿ ಪತ್ತೆಯಾಯಿತು. ಅಲ್ಲಿಂದ ಹೆಣ್ಣಿನ ವರ್ತನೆಯೇ ಬೇರೆ. ಯೀಸ್ಟಿನ ಹಸಿವು ಹೆಚ್ಚುತ್ತದೆ, ದಿನಕ್ಕೆ ಹತ್ತಾರು ಮೊಟ್ಟೆ ಇಡತೊಡಗುತ್ತದೆ. 2020ರಲ್ಲಿ ಮಿದುಳಿನಿಂದ ಕೆಳಗಿನ ನರಹುರಿಗೆ ಇಳಿಯುವ ಬೆರಳೆಣಿಕೆಯ ನರಕೋಶಗಳನ್ನು ಗುರುತಿಸಿದರು, ‘ಓವಿಡಿಎನ್’ ಎಂದು ಹೆಸರು. ಅವನ್ನು ಕೃತಕವಾಗಿ ಮಿಡಿಸಿದರೆ ನೊಣ ಹೊಟ್ಟೆ ಬಗ್ಗಿಸಿ ಮೊಟ್ಟೆಯಿಡುತ್ತದೆ, ತಡೆದರೆ ಇಡುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಬಂದದ್ದು 2023ರಲ್ಲಿ, ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಒಂದು ತಂಡದಿಂದ. ನೊಣ ನಡೆದಾಡುತ್ತಿರುವಾಗಲೇ ಅದರ ಓವಿಡಿಎನ್ ಕೋಶಗಳೊಳಗಿನ ಕ್ಯಾಲ್ಸಿಯಂ ಮಟ್ಟವನ್ನು (ಕೋಶ ಎಷ್ಟು ಚುರುಕಾಗಿದೆ ಎಂಬುದರ ಸೂಚನೆ ಅದು) ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಂಡಾಶಯದಿಂದ ಮೊಟ್ಟೆ ಜಾರುವ ಹೊತ್ತಿಗೆ ಮಟ್ಟ ಕೆಳಗಿಳಿಯುತ್ತದೆ. ಆಮೇಲೆ ಸೆಕೆಂಡುಗಳಿಂದ ನಿಮಿಷಗಳವರೆಗೆ ನಿಧಾನವಾಗಿ ಏರುತ್ತ ಹೋಗುತ್ತದೆ. ಕಾಲಡಿಯ ಜಾಗ ಇತರ ಜಾಗಗಳಿಗಿಂತ ಚೆನ್ನಾಗಿದ್ದರೆ ಮೇಲಕ್ಕೆ, ಕಳಪೆಯಾಗಿದ್ದರೆ ಕೆಳಕ್ಕೆ ಓಲಾಡುತ್ತದೆ. ಒಂದು ಗೆರೆ ಮುಟ್ಟಿದ ಕ್ಷಣ ಹೊಟ್ಟೆ ಬಗ್ಗುತ್ತದೆ. ಹಾಲು ಉಕ್ಕುವ ಹಾಗೆ ಅಂದುಕೊಳ್ಳಿ: ಉರಿ ಹೆಚ್ಚು ಕಡಿಮೆ ಆದಂತೆ ಏರುತ್ತ ಇಳಿಯುತ್ತ ಇರುತ್ತದೆ, ಅಂಚು ದಾಟಿದ ಮೇಲೆ ಹಿಂದಕ್ಕಿಲ್ಲ.

ಭೂತಗನ್ನಡಿಯವರು ನೋಡಿದ ಆ ಅಡ್ಡಾಟ ಹೊತ್ತು ಕಳೆಯುವುದಲ್ಲ, ತೂಕ ಮಾಡುವುದು.

ಭೂತಗನ್ನಡಿ

ಬೆಳಿಗ್ಗೆಯಿಂದ ಇದನ್ನು ಮೂರು ಸಲ ಓದಿದೆ. ಹಾಗಾದರೆ ಯಾವ ಜಾಗವೂ ಹಿಡಿಸದಿದ್ದರೆ?

ಕೆಂಗಣ್ಣು

ತಡೆದುಕೊಳ್ಳುತ್ತದೆ. ಮೊಟ್ಟೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹುಡುಕುತ್ತದೆ.

ಬಿಳಿ ಹಲಗೆ

ಈ ಸಣ್ಣ ನೊಣವನ್ನು ಕಾಡುವ ಕಣಜದ ವಿಷಯ ಯಾರೂ ಎತ್ತಲಿಲ್ಲ. ಮಕ್ಕಳು ಕಣ್ಣರಳಿಸಿ ಕೇಳುವುದು ಅದನ್ನೇ, ಹಾಗಾಗಿ ಬರೆಯುತ್ತೇನೆ.

ಲೆಪ್ಟೊಪಿಲಿನಾ ಎಂಬ ಸಣ್ಣ ಕಣಜ ಈ ನೊಣದ ಮರಿಹುಳುವಿನ ಮೈಯೊಳಗೆ ತನ್ನ ಮೊಟ್ಟೆ ತೂರಿಸುತ್ತದೆ. ಕಣಜದ ಮರಿ ಒಳಗಿನಿಂದ ತಿನ್ನುತ್ತ ಬೆಳೆಯುತ್ತದೆ. ಕೊಳೆತ ಹಣ್ಣಿನಲ್ಲಿ ಹುದುಗು ಬಂದಾಗ ಮದ್ಯಸಾರ ಹುಟ್ಟುತ್ತದಲ್ಲ, ಅದನ್ನು ನೊಣದ ಮರಿ ಸಾಕಷ್ಟು ತಾಳಿಕೊಳ್ಳುತ್ತದೆ, ಕಣಜಕ್ಕೆ ಅಷ್ಟು ಆಗುವುದಿಲ್ಲ. 2013ರ ಪ್ರಯೋಗದಲ್ಲಿ ಹೆಣ್ಣುನೊಣಗಳ ಜೊತೆ ಹೆಣ್ಣು ಕಣಜಗಳನ್ನು ಬಿಟ್ಟರು. ನೊಣಗಳು ಮದ್ಯಸಾರ ಹೆಚ್ಚಿರುವ ಆಹಾರದಲ್ಲಿ ಮೊಟ್ಟೆಯಿಡತೊಡಗಿದವು. ಗಂಡು ಕಣಜ ಬಿಟ್ಟರೆ ಹಾಗೆ ಮಾಡಲಿಲ್ಲ, ಅದರಿಂದ ಅಪಾಯವಿಲ್ಲವಲ್ಲ! ಅವು ಕಣಜವನ್ನು ಗುರುತಿಸಿದ್ದು ಕಣ್ಣಿನಿಂದ. ಕಣಜವನ್ನು ತೆಗೆದ ಮೇಲೂ ದಿನಗಟ್ಟಲೆ ಅದೇ ಎಚ್ಚರ ಉಳಿದಿತ್ತು.

ಕಿತ್ತಳೆಯ ಒಲವಿಗೂ ಇದೇ ನಂಟು. ಹಲವು ಹಣ್ಣು ಮುಂದಿಟ್ಟರೆ ಈ ನೊಣ ಕಿತ್ತಳೆ ಜಾತಿಯವನ್ನು ಮೆಚ್ಚುತ್ತದೆ, ಕಣಜಗಳಿಗೆ ಆ ಸಿಪ್ಪೆಯ ವಾಸನೆ ಆಗಿಬರುವುದಿಲ್ಲ.

ತೋಟದ ದಾರಿ

ಹುಟ್ಟುವ ಮೊದಲೇ ಔಷಧಿ ಹಾಕಿದ ಹಾಗೆ. ನೊಣವನ್ನು ಬೈಯುತ್ತ ಇಷ್ಟು ವರ್ಷ ಕಳೆದೆ, ಇವತ್ತು ಅದರ ಬಗ್ಗೆ ಗೌರವ ಬರುತ್ತಿದೆ. ಹಣ್ಣು ಹಾಳು ಮಾಡುವ ಸಿಟ್ಟು ಹಾಗೇ ಇದೆ.

ಎರಡನೇ ಮಾತು

ನನ್ನ ಪದದ ತಕರಾರನ್ನು ಹಿಂತೆಗೆದುಕೊಳ್ಳುತ್ತೇನೆ, ಒಂದು ಷರತ್ತಿನ ಮೇಲೆ. ‘ಆರಿಸುತ್ತದೆ’ ಅನ್ನೋಣ, ‘ಯೋಚಿಸುತ್ತದೆ’ ಅನ್ನುವುದು ಬೇಡ. ದೂರ, ರುಚಿ, ಮೆತ್ತಗಿನ ಮೇಲ್ಮೈ, ಕಣಜದ ನೆನಪು ಎಲ್ಲ ಒಂದೇ ತಕ್ಕಡಿಗೆ ಬೀಳುತ್ತಿವೆ ಎಂಬುದು ಸ್ಪಷ್ಟವಾಯಿತು.

ಕೆಂಗಣ್ಣು

ಷರತ್ತು ಒಪ್ಪಿಗೆ. ಭೂತಗನ್ನಡಿಯವರಿಗೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ತಟ್ಟೆಯಲ್ಲಿ ಅಗರ್ ಹೆಪ್ಪುಗಟ್ಟಿಸಿ, ಅರ್ಧಕ್ಕೆ ಸ್ವಲ್ಪ ವಿನೆಗರ್ ಬೆರೆಸಿ, ಅರ್ಧ ಹಾಗೇ ಬಿಡಿ. 2009ರಲ್ಲಿ ಅಸಿಟಿಕ್ ಆಮ್ಲ ಬಳಸಿ ಇಂಥದ್ದನ್ನೇ ಮಾಡಿ ನೋಡಿದ್ದಾರೆ. ನೊಣ ಎಲ್ಲಿ ನಿಂತಿರುತ್ತದೆ ಮತ್ತು ಎಲ್ಲಿ ಇಡುತ್ತದೆ, ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಫಲಿತಾಂಶ ಈಗಲೇ ಹೇಳುವುದಿಲ್ಲ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಶುರುಮಾಡಿ, ಹೆಚ್ಚು ಇಡುವುದು ಆಗಲೇ.

ಬಿಳಿ ಹಲಗೆ

ಎರಡನೇ ಸಲ ಮಾಡುವಾಗ ತಟ್ಟೆಯನ್ನು ತಿರುಗಿಸಿಡಿ ಸರ್. ಇಲ್ಲದಿದ್ದರೆ ಕಿಟಕಿಯ ಬೆಳಕಿನಿಂದ ಆದದ್ದೋ ವಿನೆಗರಿನಿಂದ ಆದದ್ದೋ ಗೊತ್ತಾಗುವುದಿಲ್ಲ.

ಭೂತಗನ್ನಡಿ

ನಾಲ್ಕು ಸಂಜೆ ಮಾಡಿದೆ, ಎರಡು ಸಲ ತಟ್ಟೆ ತಿರುಗಿಸಿದೆ.

ಮೊದಲ ದಿನ ನೊಣಗಳು ವಿನೆಗರ್ ಇಲ್ಲದ ಕಡೆಯೇ ಗುಂಪುಗಟ್ಟಿದ್ದವು. ವಾಸನೆ ಅವಕ್ಕೆ ಆಗುತ್ತಿಲ್ಲ, ಪ್ರಯೋಗ ಕೆಟ್ಟಿತು ಅಂದುಕೊಂಡು ಮಲಗಿದೆ. ಬೆಳಿಗ್ಗೆ ಭೂತಗನ್ನಡಿ ಹಿಡಿದರೆ ಮೊಟ್ಟೆಗಳ ಬಹುಪಾಲು ವಿನೆಗರ್ ಭಾಗದಲ್ಲಿ! ಮರುದಿನ ಪಟ್ಟು ಹಿಡಿದು ಒಂದೇ ನೊಣವನ್ನು ನೋಡುತ್ತ ಕೂತೆ. ಸಪ್ಪೆ ಭಾಗದಲ್ಲಿ ಆರಾಮಾಗಿ ಕಾಲು ಉಜ್ಜಿಕೊಳ್ಳುತ್ತಿತ್ತು. ಇದ್ದಕ್ಕಿದ್ದಂತೆ ಗಡಿ ದಾಟಿ ಹೋಗಿ, ಬಾಲ ಊರಿ, ಮೊಟ್ಟೆಯಿಟ್ಟು, ಬಂದ ದಾರಿಯಲ್ಲೇ ಸರಸರನೆ ವಾಪಸ್ಸಾಯಿತು. ತಟ್ಟೆ ತಿರುಗಿಸಿದರೂ ಇದೇ ಕತೆ.

ಕೆಂಗಣ್ಣು

ಇದನ್ನೇ ನೀವು ಸ್ವಂತ ಕಣ್ಣಿನಿಂದ ನೋಡಲಿ ಅಂತ ಹೇಳದೆ ಉಳಿಸಿದ್ದೆ. ದೂರ ಇರು ಅನ್ನುವುದು ಮೂಗು, ಇಲ್ಲೇ ಇಡು ಅನ್ನುವುದು ನಾಲಿಗೆ. ವಾಸನೆ ಹಿಡಿಯುವ ಅಂಗ ತೆಗೆದ ನೊಣಗಳಲ್ಲಿ ಆ ದೂರ ಸರಿಯುವಿಕೆ ನಿಂತುಹೋಗಿ, ಮೊಟ್ಟೆಯಿಡುವ ಒಲವು ಮಾತ್ರ ಹಾಗೇ ಉಳಿಯಿತು. ತನಗೆ ಇರಲಾಗದ ಜಾಗ, ಮಕ್ಕಳಿಗೆ ಬೇಕಾದ ಜಾಗ. ಹುಳಿ ಇದ್ದಲ್ಲಿ ಹುದುಗು ಇರುತ್ತದೆ, ಹುದುಗು ಇದ್ದಲ್ಲಿ ಯೀಸ್ಟ್ ಸಿಗುತ್ತದೆ, ಮರಿಹುಳುವಿನ ಊಟ ಅದೇ.

ಮೊಟ್ಟೆ ಒಡೆಯುವುದನ್ನು ನೋಡಿದಿರಾ? 25 ಡಿಗ್ರಿ ಬಿಸಿಯಲ್ಲಿ ಸುಮಾರು ಒಂದು ದಿನ ಸಾಕು.

ಭೂತಗನ್ನಡಿ

ನೋಡಿದೆ ಮೇಡಂ, ಈಗ ತಾನೇ. ಇಡೀ ತಟ್ಟೆಯಲ್ಲಿ ಒಂದೇ ಮೊಟ್ಟೆಯ ಮೇಲೆ ಕಣ್ಣಿಟ್ಟಿದ್ದೆ. ಒಳಗೆ ಕಪ್ಪು ಚುಕ್ಕೆಯೊಂದು ಹಿಂದೆ ಮುಂದೆ ಆಡುತ್ತಿತ್ತು, ಬಾಯಿಯ ಕೊಕ್ಕೆ ಇರಬೇಕು. ತುದಿ ಹರಿದು ಗಾಜಿನಂತಹ ಹುಳು ಹೊರಬಂತು. ಕ್ಷಣಹೊತ್ತು ತಲೆಯನ್ನು ಆಚೀಚೆ ಆಡಿಸಿ, ನೇರ ಅಗರಿನೊಳಕ್ಕೆ ಕೊರೆದುಕೊಂಡು ಹೋಯಿತು. ಬರಿದಾದ ಸಿಪ್ಪೆಯ ಆ ಎರಡು ಎಳೆಗಳು ಇನ್ನೂ ಮೇಲಕ್ಕೆ ಚಾಚಿಕೊಂಡೇ ಇವೆ.